ನಮ್ಮ ಕಡೆಯ ಗಂಟುಮೂಟೆ



ಕಳೆದ ವಾರ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತೂಕದ ಪ್ರಸಂಗ ನಡೆಯಿತು. ಅಮೆರಿಕದಲ್ಲಿರುವ ಮಗನ ಮನೆಗೆ ನಾವಿಬ್ಬರೂ ಹೊರಟಿದ್ದೇವೆ. ವಿಮಾನದವರು ಒಬ್ಬರಿಗೆ ಎರಡು ಪೆಟ್ಟಿಗೆ, ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂದು ಗೆರೆ ಎಳೆದಿದ್ದಾರೆ. ನನ್ನ ಮನೆಯವರು ಕಿರಾಣಿ ಅಂಗಡಿಯಿಂದ ಕಾಟಾ ತರಿಸಿ, ಖಡಕ್ ರೊಟ್ಟಿಯ ಡಬ್ಬಿಗಳನ್ನೂ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳ ಪೊಟ್ಟಣಗಳನ್ನೂ ಒಂದೊಂದಾಗಿ ತೂಗಿ ತುಂಬಿದರು. ಕೊನೆಗೆ ಒಂದೂವರೆ ಕಿಲೋ ಹೆಚ್ಚಾಯಿತು. ಹೊರಗೆ ಬಂದದ್ದು ಯಾವುದು ಬಲ್ಲಿರಾ? ವಿಮಾನದಲ್ಲಿ ಓದಲೆಂದು ನಾನು ಇಟ್ಟುಕೊಂಡಿದ್ದ ಎರಡು ದಪ್ಪ ಪುಸ್ತಕಗಳು. ನಾನು ಮುಖ ಸಣ್ಣದು ಮಾಡಿದ್ದನ್ನು ಕಂಡು ಆಕೆ, "ಪುಸ್ತಕ ಅಲ್ಲೂ ಸಿಗತಾವ್ರಿ. ಹಿಂಡಿ ಸಿಗತೈತೇನ್ರಿ?" ಎಂದರು.

ಈ ಮಾತನ್ನು ಹಿಂದೆ ಎಲ್ಲಿಯೋ ಕೇಳಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂಬುದು ನೆನಪಾದ ರಾತ್ರಿ ನಿದ್ರೆ ಬರಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ. ಮೇಷ್ಟರ ಚಾಳಿ ಬಿಡುವುದಿಲ್ಲ, ಕ್ಷಮಿಸಿ.

ಮೂವತ್ತಾರು ವರ್ಷ ನಾನು ಸಮಾಜ ವಿಜ್ಞಾನ ಕಲಿಸಿದೆ. ಹುಟ್ಟಿದ್ದು ಇಂಡಿ ತಾಲ್ಲೂಕಿನಲ್ಲಿ. ನೌಕರಿ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ. 1565ರ ಯುದ್ಧವನ್ನು ಅದು ನಡೆದ ತಾಳಿಕೋಟಿ, ರಕ್ಕಸಗಿ, ತಂಗಡಗಿಗಳ ಹತ್ತಿರದ ಶಾಲೆಯಲ್ಲಿಯೇ ನಿಂತು ಪಾಠ ಮಾಡಿದವನು ನಾನು. ಸುಲ್ತಾನರ ಹೆಸರು, ರಾಮರಾಯನ ವಯಸ್ಸು, ಸೋಲಿಗೆ ಕಾರಣಗಳು, ಎಲ್ಲವನ್ನೂ ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಕೃಷ್ಣೆಯ ದಂಡೆಗೆ ಬಂದು ಬೀಡುಬಿಟ್ಟ ಆ ಲಕ್ಷಾಂತರ ಜನ ಏನು ಹೊತ್ತು ತಂದಿದ್ದರು, ಏನು ಉಂಡರು ಎಂದು ನೀವು ಕೇಳಲಿಲ್ಲ, ನನಗೂ ಹೇಳಬೇಕೆನಿಸಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ ಅದಾಗಿರಲಿಲ್ಲ.

ನಮ್ಮ ಕಡೆಯ ಪ್ರಯಾಣದ ಇತಿಹಾಸವೆಂದರೆ ಮುಖ್ಯವಾಗಿ ರೊಟ್ಟಿಯ ಇತಿಹಾಸ. ಕರಿಯ ಎರೆಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳ ಈ ನೆಲದ ಆಹಾರ. ಹಸಿ ರೊಟ್ಟಿ ಒಂದೇ ದಿನಕ್ಕೆ ಹಳಸುತ್ತದೆ. ಅದನ್ನೇ ತೆಳ್ಳಗೆ ಬಡಿದು, ಕಾವಿನ ಮುಂದೆ ನಿಲ್ಲಿಸಿ ನೀರಿನಂಶವೆಲ್ಲ ಆರುವಂತೆ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಎಣ್ಣೆಯಿಲ್ಲ, ಉಪ್ಪಿಲ್ಲ, ಪಸೆಯಿಲ್ಲ. ಬೂಷ್ಟು ಹಿಡಿಯಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಜೊತೆಗೆ ಹುರಿದು ಕುಟ್ಟಿದ ಹಿಂಡಿ, ಅದಕ್ಕೂ ನೀರು ತಾಕಿರುವುದಿಲ್ಲ. ಒಂದು ಉಳ್ಳಾಗಡ್ಡಿ ಜೇಬಿನಲ್ಲಿದ್ದರೆ ಊಟ ಮುಗಿಯಿತು. ದಾರಿಯಲ್ಲಿ ಒಲೆ ಹೂಡುವ ಕಟ್ಟಿಗೆಯೂ ಇಲ್ಲದ, ನೀರೂ ದುರ್ಲಭವಾದ ಬಯಲುಸೀಮೆಯವರು ಕಂಡುಕೊಂಡ ಉಪಾಯವಿದು. ತುಂಬುವ ಚೀಲಗಳಿಗೂ ಒಂದು ಲೆಕ್ಕವಿತ್ತು. ನಡೆಯುವವನಿಗೆ ಹಸಿಬೆ ಚೀಲ: ಉದ್ದನೆಯದು, ಬಾಯಿ ನಡುವೆ, ಹೆಗಲ ಮೇಲೆ ಹಾಕಿಕೊಂಡರೆ ಅರ್ಧ ತೂಕ ಎದೆಗೆ, ಅರ್ಧ ಬೆನ್ನಿಗೆ. ಎಲೆ ಅಡಿಕೆಗೆ ಚಂಚಿ. ಮಳೆಗೂ ಚಳಿಗೂ ಹಾಸಿಗೆಗೂ ಒಂದೇ ಕಂಬಳಿ. ಇಂದು ಮಕ್ಕಳು ಬೆನ್ನಿಗೆ ಕಟ್ಟಿಕೊಳ್ಳುವ ಹತ್ತು ಜೇಬುಗಳ ಚೀಲ ಕಂಡಾಗಲೆಲ್ಲ ನನಗೆ ಅಜ್ಜನ ಹಸಿಬೆಯೇ ನೆನಪಾಗುತ್ತದೆ. ಅದರಲ್ಲಿ ವಸ್ತು ಹುಡುಕುವ ಕಷ್ಟವಿರಲಿಲ್ಲ, ಏಕೆಂದರೆ ವಸ್ತುಗಳೇ ಕಡಿಮೆ.

ಕಡಿಮೆ ಹೊರುವುದನ್ನು ನಾನು ಕಲಿತದ್ದು ಮಾತ್ರ ಅಜ್ಜನಿಂದಲ್ಲ, ಶ್ರೀಶೈಲದ ದಾರಿಯಲ್ಲಿ. 1996ರಲ್ಲಿ ಬಾಗೇವಾಡಿ ಕಡೆಯವರ ಒಂದು ತಂಡದೊಡನೆ ಪಾದಯಾತ್ರೆ ಹೊರಟೆ. ಹೋಳಿ ಹುಣ್ಣಿಮೆ ದಾಟಿದ ಮೇಲೆ ನಮ್ಮ ಜಿಲ್ಲೆಯಿಂದಲೂ ಬಾಗಲಕೋಟೆ, ಬೆಳಗಾವಿ ಕಡೆಯಿಂದಲೂ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟುವುದು ನಿಮಗೆ ಗೊತ್ತೇ ಇದೆ. ಮರಗಾಲು ಕಟ್ಟಿಕೊಂಡು ಹೋಗುವ ಹರಕೆಯವರೂ ಉಂಟು. ನಾನು ಮಾತ್ರ ಎರಡು ಜೊತೆ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ, ಟಾರ್ಚು, ಛತ್ರಿ, ದಿನಚರಿ, ಮೇಲೊಂದು ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಹೊರಟಿದ್ದೆ. (ಯಾರ ಉತ್ತರಪತ್ರಿಕೆಗಳೆಂದು ಹೇಳುವುದಿಲ್ಲ. ಎಲ್ಲರೂ ಪಾಸಾಗಿದ್ದೀರಿ.) ಹಿಂದೆ ತಂಡದ ಟ್ರ್ಯಾಕ್ಟರು ಬರುತ್ತಿತ್ತಾದ್ದರಿಂದ ನನ್ನ ಭಾರ ನನಗೆ ತಿಳಿಯಲೇ ಇಲ್ಲ. ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದೆವು. ಅಲ್ಲಿಂದ ಮುಂದೆ ನಲ್ಲಮಲ ಅಡವಿ. ಟ್ರ್ಯಾಕ್ಟರು ಸುತ್ತು ದಾರಿಯಲ್ಲಿ ಹೋಗಬೇಕು. ನಾವು ಪೆಚ್ಚೆರವು, ಭೀಮನಕೊಳ್ಳ ಹಿಡಿದು ಕೈಲಾಸದ್ವಾರಕ್ಕೆ ಏರಬೇಕು. ಹೊತ್ತದ್ದೆಲ್ಲ ಸ್ವಂತ ಬೆನ್ನ ಮೇಲೆ. ತಂಡದ ಹಿರಿಯರೊಬ್ಬರು ನನ್ನ ಚೀಲ ಬಿಚ್ಚಿ ನೋಡಿ, "ಮಾಸ್ತರ್ರ, ಮಲ್ಲಯ್ಯಗ ಪಾಠಾ ಹೇಳಲಾಕ ಹೊಂಟೀರೇನು?" ಎಂದು ನಕ್ಕು, ಮುಕ್ಕಾಲು ಪಾಲನ್ನು ಟ್ರ್ಯಾಕ್ಟರಿಗೆ ಎಸೆದರು. ಅವರ ಗಂಟಿನಲ್ಲಿ ಇದ್ದದ್ದು ಒಂದು ಕಂಬಳಿ, ತಂಬಿಗೆ, ವಿಭೂತಿ ಗಟ್ಟಿ, ನಾಲ್ಕು ರೊಟ್ಟಿ, ಬೆಲ್ಲದ ತುಣುಕು, ಕಾಲಿಗೆ ಹಚ್ಚುವ ಎಣ್ಣೆ. "ಇಷ್ಟರಲ್ಲಿ ಹೇಗೆ ಸಾಕಾಗುತ್ತದೆ?" ಎಂದೆ. "ದಾರ್‍ಯಾಗ ದಾಸೋಹ ಐತಲ್ರಿ" ಎಂದರು.

ಆ ಒಂದು ಮಾತಿನಲ್ಲಿ ನಾನು ಹುಡುಕುತ್ತಿದ್ದ ಸೂತ್ರ ಸಿಕ್ಕಿತೆಂದು ಈಗ ಅನ್ನಿಸುತ್ತದೆ. ದಾರಿಯುದ್ದಕ್ಕೂ ಊರೂರಿನವರು ಅಂಬಲಿ, ಮಜ್ಜಿಗೆ, ಅನ್ನ ಇಟ್ಟುಕೊಂಡು ಕಾಯುತ್ತಾರೆ; ಕಾಲು ಒಡೆದವರಿಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ. ಆದ್ದರಿಂದಲೇ ಯಾತ್ರಿಕನ ಚೀಲ ಹಗುರ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೊರಟ ಬಸವಣ್ಣನವರು ಜೊತೆಗೆ ಏನು ಒಯ್ದರೆಂದು ಯಾರೂ ಬರೆದಿಟ್ಟಿಲ್ಲ. ಊರೂರು ಸುತ್ತುವ ಜಂಗಮರಿಗೆ ಮಾತ್ರ ಒಂದು ಜೋಳಿಗೆ ಸಾಕಾಗಿತ್ತು, ಅದೂ ಖಾಲಿಯದು. ತುಂಬುವವರು ಮುಂದಿನ ಊರಿನಲ್ಲಿದ್ದರು. ಹೊರಟವನ ಗಂಟು ದೊಡ್ಡದೋ ಸಣ್ಣದೋ ಎಂಬುದನ್ನು ನಿರ್ಧರಿಸುವುದು ಅವನ ಸಿರಿವಂತಿಕೆಯಲ್ಲ. ಹೋಗುವ ಕಡೆ ಅವನಿಗಾಗಿ ಒಲೆ ಹೊತ್ತಿಸಿ ಇಟ್ಟವರು ಇದ್ದಾರೆಯೇ ಇಲ್ಲವೇ ಎಂಬುದು.

ಇದಕ್ಕೆ ತಿರುಗಾಮುರುಗಾ ಆದದ್ದು ನಮ್ಮ ವಿದ್ಯಾರ್ಥಿ ಜೀವನದ ಬುತ್ತಿ. ಅಲ್ಲಿ ಪ್ರಯಾಣಿಕನಿಲ್ಲದೆ ಗಂಟು ಮಾತ್ರ ಪ್ರಯಾಣ ಮಾಡುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ವಿಜಾಪುರದಲ್ಲಿ (2014ರಿಂದ ಅದು ವಿಜಯಪುರ, ನನ್ನ ನಾಲಗೆಗೆ ಹಳೆಯದೇ ರೂಢಿ) ನಾಲ್ವರು ಹುಡುಗರು ಒಂದು ಖೋಲಿ ಹಿಡಿದು ಓದುತ್ತಿದ್ದೆವು. ಬೆಳಗಿನ ಬಸ್ಸಿಗೆ ಊರಿನಿಂದ ಬುತ್ತಿ ಬರುತ್ತಿತ್ತು. ಧೋತರದ ತುಂಡಿನಲ್ಲಿ ಕಟ್ಟಿ, ಶಾಯಿಯಿಂದ ಹೆಸರು ಬರೆದು ಕಂಡಕ್ಟರ ಕೈಗೆ ಕೊಟ್ಟರೆ ಇಂಜಿನ್ನಿನ ಪಕ್ಕದಲ್ಲಿ ಹತ್ತಾರು ಬುತ್ತಿಗಳು ಸಾಲಾಗಿ ಕುಳಿತು ಬರುತ್ತಿದ್ದವು. ಟಿಕೆಟ್ ಇಲ್ಲ, ರಸೀದಿಯಿಲ್ಲ. ಒಂದು ಬುತ್ತಿಯೂ ತಪ್ಪಿದ್ದು ನನಗೆ ನೆನಪಿಲ್ಲ. ಸಂಜೆಯ ಬಸ್ಸಿಗೆ ಖಾಲಿ ಬಟ್ಟೆ, ಖಾಲಿ ಡಬ್ಬಿ ಹಿಂದಕ್ಕೆ. ನಮ್ಮ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯ ಸಮಾಚಾರವನ್ನು ಬುತ್ತಿಯೇ ಹೇಳುತ್ತಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಂದರೆ ಸಂಕ್ರಮಣ ಹತ್ತಿರ ಬಂತು. ರೊಟ್ಟಿಯ ಅಂಚು ಸೊಟ್ಟಗಾಗಿದ್ದರೆ ಅವ್ವನಿಗೆ ಮೈ ನೆಟ್ಟಗಿಲ್ಲ, ಅಕ್ಕ ಬಡಿದಿದ್ದಾಳೆ. ಡೋಣಿ ತುಂಬಿ ಬಂದರೆ ತಾಳಿಕೋಟಿ ಕಡೆಯ ಬಸ್ಸು ನಿಲ್ಲುತ್ತಿತ್ತು. ಆ ಕಡೆಯ ಗೆಳೆಯನಿಗೆ ಅಂದು ಬುತ್ತಿಯಿಲ್ಲ. ಮೂರು ಬುತ್ತಿಗಳು ನಾಲ್ಕಾಗುತ್ತಿದ್ದವು. ನನ್ನ ಬಿ.ಎಡ್. ಮುಗಿಯುವವರೆಗೂ ನಾನು ಒಂದು ಒಲೆ ಕೊಳ್ಳಲಿಲ್ಲ.

ಇನ್ನು ಹೊರುವುದನ್ನೇ ಕಸುಬು ಮಾಡಿಕೊಂಡಿದ್ದವರ ಮಾತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಾಂಡಾಗಳಿಗೆ ಬರವಿಲ್ಲ. ಲಂಬಾಣಿಗರ ಹಿರಿಯರು ಕೆಲವೇ ತಲೆಮಾರುಗಳ ಹಿಂದೆ ಈ ದೇಶದ ಸರಕು ಸಾಗಣೆಯನ್ನೇ ನಡೆಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವರ್ತಕ ಟಾವರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ತಂಡಗಳು ಎದುರಾಗಿ ದಾರಿ ಬಿಡಲು ದಿನಗಟ್ಟಲೆ ಕಾಯಬೇಕಾಗುತ್ತಿತ್ತೆಂದು ಬರೆದಿದ್ದಾನೆ. ಅವರಲ್ಲಿ ನಾಲ್ಕು ಪಂಗಡಗಳಿದ್ದು ಒಂದು ಧಾನ್ಯ, ಒಂದು ಅಕ್ಕಿ, ಒಂದು ಬೇಳೆ, ಒಂದು ಉಪ್ಪು ಸಾಗಿಸುತ್ತಿತ್ತಂತೆ. ಎತ್ತಿನ ಬೆನ್ನಿನ ಎರಡೂ ಪಕ್ಕಕ್ಕೆ ಸಮತೂಕದ ಗೋಣಿಗಳು. ಬೀಡುಬಿಟ್ಟ ರಾತ್ರಿ ಅವನ್ನೇ ಗೋಡೆಯಂತೆ ಒಟ್ಟಿ ಒಳಗೆ ಹೆಂಗಸರು ಮಕ್ಕಳು ಮಲಗುವುದು. ಇಂಗ್ಲಿಷರ ಗನ್ನಿ ಎಂಬ ಪದವೂ ಈ ನೆಲದ ಗೋಣಿಯಿಂದಲೇ ಹೋದದ್ದು. ಮೊಗಲರ ದಂಡಿಗೂ, 1803ರ ದಖ್ಖನ್ ಯುದ್ಧದಲ್ಲಿ ವೆಲ್ಲೆಸ್ಲಿಯ ದಂಡಿಗೂ ಕಾಳು ಒದಗಿಸಿದವರು ಇವರು. ಮುಂದಿನ ಊರಿನಲ್ಲಿ ಯಾರೂ ಕಾಯದಿದ್ದರೂ ಅವರಿಗೆ ಚಿಂತೆಯಿರಲಿಲ್ಲ. ಮನೆ, ಉಗ್ರಾಣ, ಅಂಗಡಿ ಮೂರೂ ಎತ್ತಿನ ಬೆನ್ನ ಮೇಲಿದ್ದವು.

ಅನಂತರ ರೈಲು ಬಂತು. ಅದು ಬಂದ ಕಾಲವನ್ನು ಗಮನಿಸಬೇಕು. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ನಮ್ಮ ಜಿಲ್ಲೆ, ಆಗ ಅದರ ಹೆಸರು ಕಲಾದಗಿ ಜಿಲ್ಲೆ, ಅರ್ಧ ಬರಿದಾದಂತಾಯಿತು. 1872ರ ಗಣತಿಯಲ್ಲಿ 8 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 40 ಸಾವಿರದೊಳಗೆ ಇಳಿಯಿತು. ಸತ್ತವರೆಷ್ಟು, ಗಂಟು ಕಟ್ಟಿ ದೇಶಾಂತರ ಹೋದವರೆಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ, 1880ರ ದಶಕದಲ್ಲಿ, ಹೊಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಹಳಿ ಬಿತ್ತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಹುಟ್ಟಿದವು. ಹೆಸರಿಗೆ ರೋಡ್ ಅಂಟಿದ್ದರೆ ಊರು ಅಲ್ಲಿಂದ ದೂರವಿದೆ ಎಂದೇ ಅರ್ಥ, ಗಂಟು ಹೊರುವ ಕೆಲಸ ತಪ್ಪಲಿಲ್ಲ. ರೈಲು ಬಂದ ಮೇಲೆ ಕಾಳು ಹೊರಲು ಎತ್ತಿನ ತಂಡ ಬೇಡವಾಯಿತು. ಹೊರುತ್ತಿದ್ದವರು ನಿಂತಲ್ಲೇ ನಿಂತು ತಾಂಡಾಗಳಾದರು. ಮಳೆಯನ್ನೇ ನಂಬಿದ ತುಂಡು ನೆಲ ಹಿಡಿದರು, ಇಲ್ಲವೇ ಕೂಲಿಗೆ ನಿಂತರು. ಮುಂದೆ ಅದೇ ತಾಂಡಾಗಳಿಂದ ಗುಳೆ ಹೋಗುವ ಕಾಲ ಬಂತು.

ಕೃಷ್ಣೆಯ ದಂಡೆಯವರು ಗಂಟು ಕಟ್ಟಿದ ಬಗೆ ಮತ್ತೊಂದು. ಆಲಮಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಈ ನಡುವೆ ಊರುಗಳು ಎದ್ದು ಹೋದವು. ಕುಡಿಕೆ ಮೊಸರಿಗೆ ಹೆಸರಾದ ಕೊಲ್ಹಾರವೂ ಹಳೆಯ ಜಾಗ ಬಿಟ್ಟಿತು. ನನ್ನ ಮನೆಯವರ ತವರಿನ ಹಿರಿಯರೊಬ್ಬರು ತೊಲೆ, ಕಂಬ, ಬಾಗಿಲ ಚೌಕಟ್ಟು ಕಿತ್ತು ಚಕ್ಕಡಿಗೆ ಹೇರಿದ ಮೇಲೆ ಬೀಸುಕಲ್ಲನ್ನೂ ಎತ್ತಿಸಿದರು. ಹೊಸ ಊರಿನಲ್ಲಿ ಹಿಟ್ಟಿನ ಗಿರಣಿಯಿತ್ತು, ಆ ಕಲ್ಲನ್ನು ಯಾರೂ ತಿರುಗಿಸಲಿಲ್ಲ. ಅವರು ಇರುವ ತನಕ ಅದರ ಪಕ್ಕದಲ್ಲಿಯೇ ಹೊರಸು ಹಾಕಿಕೊಂಡು ಮಲಗುತ್ತಿದ್ದರು. ಹಿಂದಿರುಗುವ ಊರೇ ಇಲ್ಲದವನು ಏನನ್ನು ಬಿಟ್ಟು ಹೊರಡಬೇಕು?

ಗುಳೆಯ ಗಂಟಿನಲ್ಲಿ ಮಾತ್ರ ಇಂಥ ಮೋಹಕ್ಕೆ ಎಡೆಯಿಲ್ಲ. 1972ರ ಬರದಲ್ಲಿ ನಾನು ಹನ್ನೆರಡರ ಹುಡುಗ. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದದ್ದು ಕಣ್ಣ ಮುಂದಿದೆ. ಮುಂಬೈ, ಪುಣೆ, ಗೋವಾ. ದೀಪಾವಳಿ ಮುಗಿದರೆ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಬ್ಬು ಕಡಿಯುವ ಕೆಲಸ. ಮುಕ್ಕಾದಮನು ಮುಂಗಡ ಕೊಟ್ಟಿರುತ್ತಾನೆ. ಗಂಡ ಹೆಂಡತಿ ಸೇರಿದರೆ ಲೆಕ್ಕಕ್ಕೆ ಒಂದು ಕೊಯ್ತಾ. ಮಕ್ಕಳು ಲೆಕ್ಕಕ್ಕಿಲ್ಲ, ಜೊತೆಗಿರುತ್ತಾರೆ. ಅವರ ಗಂಟು ನೋಡಿ: ಒಂದು ಗೋಣಿ ಜೋಳ, ಒಂದು ಗೋಣಿಯಲ್ಲಿ ಪಾತ್ರೆ ಪಗಡ, ಖಾರದ ಡಬ್ಬಿ, ಕೌದಿ, ತಾಡಪಾಲು, ಕೂಸು ತೂಗಲು ಹಳೆಯ ಸೀರೆ, ಕಾಲು ಕಟ್ಟಿದ ಎರಡು ಕೋಳಿ. ಅಲ್ಲಿ ದಾಸೋಹವಿಲ್ಲ, ಬುತ್ತಿ ತರುವ ಬಸ್ಸಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೀಗೆ ಕಟ್ಟಿಕೊಂಡು ಹೋದವರು ಎಲ್ಲವನ್ನೂ ಶೆಡ್ಡುಗಳಲ್ಲಿ ಬಿಟ್ಟು, ಮಕ್ಕಳನ್ನು ಮಾತ್ರ ಹೆಗಲ ಮೇಲೆ ಹೊತ್ತು ನಡೆದು ಬಂದದ್ದನ್ನು ನೀವೂ ಕಂಡಿರಿ. ಅದೇ ವರ್ಷ ನಾನು ನಿವೃತ್ತನಾದೆ.

ಈಗ ಆ ಮಾತು. ಇಪ್ಪತ್ತು ವರ್ಷಕ್ಕೂ ಹಿಂದೆ, ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದೆ. ದೀಪಾವಳಿಯ ರಜೆ ಕಳೆದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯ ಒಂದು ಹುಡುಗಿ ಬರಲಿಲ್ಲ. ಇತಿಹಾಸದಲ್ಲಿ ಚುರುಕು, ಟಾವರ್ನಿಯೆಯ ಎತ್ತುಗಳ ಕಥೆ ಹೇಳಿದ ದಿನ, "ಸರ್, ಅವರು ನಮ್ಮವರೇನ್ರಿ?" ಎಂದು ಕೇಳಿದವಳು. ಸೈಕಲ್ ತುಳಿದು ತಾಂಡಾಕ್ಕೆ ಹೋದೆ. ಲಾರಿ ಬಂದು ನಿಂತಿತ್ತು. ಗುಡಿಸಲಿನ ಮುಂದೆ ಅವಳ ತಾಯಿ ಗಂಟು ಕಟ್ಟುತ್ತಿದ್ದಳು. ಹುಡುಗಿಯ ಪಾಟಿಚೀಲವನ್ನು ಬೋರಲು ಹಾಕಿ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಸುರಿದಿತ್ತು. ಚೀಲದೊಳಗೆ ಮೆಣಸಿನಕಾಯಿ ಪುಡಿ ಮತ್ತು ಹಿಂಡಿಯ ಪೊಟ್ಟಣಗಳು. ಆ ಮನೆಯಲ್ಲಿ ಜಿಪ್ ಹಾಕಿ ಭದ್ರವಾಗಿ ಮುಚ್ಚಬಹುದಾದ ಚೀಲ ಅದೊಂದೇ.

ನನಗೆ ಸಿಟ್ಟು ಬಂತು. "ಸರಸ್ವತಿಯನ್ನು ಮಣ್ಣಿಗೆ ಹಾಕಿ ಖಾರ ತುಂಬುತ್ತೀಯಲ್ಲ, ನಿನ್ನ ಮಗಳ ಹಣೆಬರಹ ನೀನೇ ಅಳಿಸುತ್ತಿದ್ದೀ" ಎಂದು ತಾಂಡಾದ ಜನರೆದುರು ಗದರಿಸಿದೆ. ಆಕೆ ಕೈ ನಿಲ್ಲಿಸಲಿಲ್ಲ. "ಪುಸ್ತಕಾ ತಿರುಗಿ ಬಂದಮ್ಯಾಲ ಓದತಾಳ್ರಿ ಸರ್. ಅಲ್ಲಿ ನಮಗ ಖಾರಾ ಯಾರ್ ಕೊಡತಾರ್ರಿ?" ಎಂದಳು. ನಾನು ಉತ್ತರ ಕೊಡಲಿಲ್ಲ. ಉತ್ತರವಿರಲಿಲ್ಲ ಎಂಬುದು ಆಗ ತಿಳಿಯಲೂ ಇಲ್ಲ. ಸೈಕಲ್ ಹತ್ತಿ ಬಂದುಬಿಟ್ಟೆ. ಏಳು ವರ್ಷ ಅವ್ವನ ಬುತ್ತಿ ಉಂಡು ಓದಿದವನು ನಾನು. ಆ ಹುಡುಗಿಯ ಬುತ್ತಿ ಆ ಪಾಟಿಚೀಲದೊಳಗೇ ಇತ್ತು.

ಆಕೆ ಆ ವರ್ಷ ಪರೀಕ್ಷೆಗೆ ಬರಲಿಲ್ಲ. ಮುಂದಿನ ಜೂನ್‌ನಲ್ಲಿ ಒಂದು ಮುಂಜಾನೆ ತಮ್ಮನ ಕೈ ಹಿಡಿದುಕೊಂಡು ಶಾಲೆಗೆ ಬಂದಳು, ಅವನ ಹೆಸರು ಹಚ್ಚಿಸಲು. ಮೈ ಕೈಯೆಲ್ಲ ಕಬ್ಬಿನ ಸೋಗೆ ಗೀರಿದ ಗುರುತು. "ನೀನು?" ಎಂದೆ. ತಲೆ ಅಲ್ಲಾಡಿಸಿದಳು. ಮೇಜಿನ ಮೇಲೆ ಒಂದು ಬಟ್ಟೆಯ ಗಂಟು ಇಟ್ಟು ಬಿಚ್ಚಿದಳು. ಒಂಬತ್ತನೆಯ ತರಗತಿಯ ಪಠ್ಯಪುಸ್ತಕಗಳು, ಒಂದೂ ಕಡಿಮೆಯಿಲ್ಲದೆ. ನಾನು ಬಂದ ಮೇಲೆ ಅವಳು ಅವನ್ನು ಜೋಳದ ಗೋಣಿಯಲ್ಲಿ ಹುದುಗಿಸಿ ಒಯ್ದಿದ್ದಳಂತೆ. "ಸರ್ಕಾರದ ಪುಸ್ತಕಾ ಅಲ್ರಿ ಸರ್, ತಿರುಗಿ ಕೊಡಬೇಕಲ್ರಿ" ಎಂದಳು. ಸಮಾಜ ವಿಜ್ಞಾನದ ಪುಸ್ತಕವನ್ನು ಎತ್ತಿಕೊಂಡೆ. ಹಾಳೆಗಳ ನಡುವಿನಿಂದ ಹಿಟ್ಟು ಉದುರಿತು. ಪಾಠಗಳ ಕೊನೆಯ ಪ್ರಶ್ನೆಗಳಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಉತ್ತರ ಬರೆದಿದ್ದಳು.